ಓಶ್‌ಕೋಶ್‌ಗೆ ವಿಮಾನ ಹಾರಿಸಿಕೊಂಡು ಹೋಗುವವರಿಗೆ: ಬಳ್ಳಾರಿಯಲ್ಲೇ ಮುಗಿಸಬೇಕಾದ ಸಿದ್ಧತೆ

ಪ್ರತಿ ವರ್ಷ ಜುಲೈ ಕೊನೆಯ ವಾರದ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್‌ಕೋಶ್ ಮತ್ತು ಸುತ್ತಮುತ್ತಲಿನ ನಿಲ್ದಾಣಗಳಿಗೆ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಬಂದಿಳಿಯುತ್ತವೆ. 1953ರಲ್ಲಿ ಪಾಲ್ ಪೊಬೆರೆಜ್ನಿ ಹುಟ್ಟುಹಾಕಿದ ಇಎಎ ಎಂಬ ಹವ್ಯಾಸಿ ವಿಮಾನ ತಯಾರಕರ ಸಂಘ 1970ರಿಂದ ಇಲ್ಲಿ ತನ್ನ ವಾರ್ಷಿಕ ಮೇಳ ನಡೆಸುತ್ತಿದೆ. ಈಗ ಅದರ ಹೆಸರು ಏರ್‌ವೆಂಚರ್. 2024ರಲ್ಲಿ ಬಂದವರ ಸಂಖ್ಯೆ 6.86 ಲಕ್ಷ. ಯಲಹಂಕದ ಏರೋ ಇಂಡಿಯಾಕ್ಕೆ ನಾವು ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ, ಬೇಲಿಯ ಈಚೆ ನಿಂತು ಕತ್ತೆತ್ತಿ ನೋಡುತ್ತೇವೆ. ಓಶ್‌ಕೋಶ್‌ನಲ್ಲಿ ಸಾಮಾನ್ಯ ಪೈಲಟ್ ತನ್ನ ನಾಲ್ಕು ಸೀಟಿನ ವಿಮಾನವನ್ನು ತಾನೇ ತಂದು ಇಳಿಸಿ, ಹುಲ್ಲಿನ ಮೇಲೆ ನಿಲ್ಲಿಸಿ, ಅದರ ರೆಕ್ಕೆಯ ಕೆಳಗೆ ಡೇರೆ ಹಾಕಿ ಮಲಗಬಹುದು.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದಲೂ ಪೈಲಟ್ ತರಬೇತಿಗೆಂದು ಅಮೆರಿಕಕ್ಕೆ ಹೋಗುವ ಮಕ್ಕಳಿದ್ದಾರೆ. ಅಲ್ಲಿಯೇ ನೆಲೆಸಿ ವಿಮಾನದಲ್ಲಿ ಪಾಲು ಇಟ್ಟುಕೊಂಡ ಬಂಧುಗಳೂ ಇದ್ದಾರೆ. ಅವರಲ್ಲಿ ಯಾರಾದರೂ ಈ ಮೇಳಕ್ಕೆ ಹಾರಿಸಿಕೊಂಡು ಹೋಗುವ ಮನಸ್ಸು ಮಾಡಿದ್ದರೆ ಈ ಲೇಖನ ಅವರಿಗಾಗಿ. ಓಶ್‌ಕೋಶ್‌ಗೆ ಇಳಿಯಲು ಅಸಾಧಾರಣ ಕೈಚಳಕ ಬೇಕಿಲ್ಲ. ಬೇಕಾದದ್ದು ಮೂರು: ಓದಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ನಿಧಾನವಾಗಿ ಹಾರುವುದು, ಸರಿ ಕಾಣದಿದ್ದಾಗ ಇಳಿಯಲು ಬರುವ ವಿಮಾನಗಳ ಸಾಲು ಬಿಟ್ಟು ಹೊರಬರುವುದು. ಮೂರನ್ನೂ ಹೊರಡುವ ತಿಂಗಳುಗಳ ಮೊದಲೇ ರೂಢಿಸಿಕೊಳ್ಳಬಹುದು, ಅದರ ಬಹುಪಾಲನ್ನು ನಮ್ಮೂರಿನಲ್ಲಿ ಕುಳಿತೇ.

ಲೈಸೆನ್ಸ್ ಮತ್ತು ವಿಮಾನ

ನಿಮ್ಮಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಕೊಟ್ಟ ಲೈಸೆನ್ಸ್ ಇದ್ದರೆ ಈ ಭಾಗವನ್ನು ದಾಟಿ ಮುಂದೆ ಹೋಗಿ. ಬರೀ ನಮ್ಮ ದೇಶದ ಅಂಥದೇ ಸಂಸ್ಥೆಯಾದ ಡಿಜಿಸಿಎ ಲೈಸೆನ್ಸ್ ಇದ್ದರೂ ದಾರಿಯಿದೆ. ವಿದೇಶಿ ಲೈಸೆನ್ಸಿನ ಆಧಾರದ ಮೇಲೆ ಎಫ್‌ಎಎ ಖಾಸಗಿ ಪೈಲಟ್ ಮಟ್ಟದ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಮೊದಲು ಎಫ್‌ಎಎಗೆ ಅರ್ಜಿ ಹಾಕಬೇಕು, ಅವರು ಡಿಜಿಸಿಎಗೆ ಪತ್ರ ಬರೆದು ನಿಮ್ಮ ಲೈಸೆನ್ಸ್ ನಿಜವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ, ಆಮೇಲೆ ನೀವು ಅಲ್ಲಿನ ಅವರ ಸ್ಥಳೀಯ ಕಚೇರಿಗೆ ಖುದ್ದಾಗಿ ಹೋಗಿ ಪ್ರಮಾಣಪತ್ರ ಪಡೆಯಬೇಕು. ಎರಡು ದೇಶಗಳ ಕಚೇರಿಗಳ ನಡುವಿನ ಪತ್ರವ್ಯವಹಾರಕ್ಕೆ ತಿಂಗಳುಗಳು ಹಿಡಿಯುತ್ತವೆ. ಜುಲೈನಲ್ಲಿ ಹಾರಬೇಕಾದವರು ಸಂಕ್ರಾಂತಿ ಮುಗಿದ ಕೂಡಲೇ ಅರ್ಜಿ ಹಾಕುವುದು ಒಳ್ಳೆಯದು. ಪ್ರಮಾಣಪತ್ರ ಕೈಗೆ ಬಂದ ಮೇಲೂ ಅಲ್ಲಿನ ಬೋಧಕರೊಬ್ಬರ ಜೊತೆ ಹಾರಾಟ ಪರಿಶೀಲನೆ ಮುಗಿಸಿದ ನಂತರವೇ ನೀವು ವಿಮಾನದ ಮುಖ್ಯ ಪೈಲಟ್ ಆಗಬಹುದು. ಈ ಪ್ರಮಾಣಪತ್ರ ನಿಮ್ಮ ಭಾರತೀಯ ಲೈಸೆನ್ಸನ್ನು ಆಧರಿಸಿ ನಿಂತಿರುವುದರಿಂದ ಮೂಲ ಲೈಸೆನ್ಸಿನ ಅವಧಿ ಮುಗಿಯಲು ಬಿಡಬೇಡಿ, ಪ್ರಯಾಣದುದ್ದಕ್ಕೂ ಅದನ್ನು ಜೊತೆಯಲ್ಲಿಟ್ಟುಕೊಳ್ಳಿ.

ಇನ್ನು ವಿಮಾನ. ಅಮೆರಿಕದ ನಾಗರಿಕರಲ್ಲದವರು, ಅಲ್ಲಿನ ಕಾಯಂ ನಿವಾಸಿಗಳೂ ಅಲ್ಲದವರು ತಮ್ಮ ವೈಯಕ್ತಿಕ ಹೆಸರಿನಲ್ಲಿ ಅಲ್ಲಿ ವಿಮಾನ ನೋಂದಾಯಿಸುವಂತಿಲ್ಲ. ಹಾಗಾಗಿ ನಮ್ಮವರಿಗೆ ಉಳಿಯುವುದು ಫ್ಲೈಯಿಂಗ್ ಕ್ಲಬ್ಬಿನ ವಿಮಾನ, ಬಾಡಿಗೆ ವಿಮಾನ, ಇಲ್ಲವೇ ಅಲ್ಲಿ ನೆಲೆಸಿದ ಬಂಧುಮಿತ್ರರ ವಿಮಾನ. ಬಾಡಿಗೆಗೆ ಪಡೆಯುವಾಗ ಬಾಯಿಮಾತನ್ನು ನೆಚ್ಚಬೇಡಿ. ಓಶ್‌ಕೋಶ್ ಮೇಳಕ್ಕೆ ಒಯ್ಯಲು ಒಪ್ಪಿಗೆ ಇದೆಯೇ, ಹುಲ್ಲುನೆಲದ ಮೇಲೆ ಓಡಿಸಬಹುದೇ, ಬಯಲಿನಲ್ಲಿ ರಾತ್ರಿಗಟ್ಟಲೆ ನಿಲ್ಲಿಸಬಹುದೇ, ಆಲಿಕಲ್ಲು ಬಿದ್ದರೆ ವಿಮೆ ಯಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ. ಹವಾಮಾನ ಕೆಟ್ಟು ಎರಡು ದಿನ ತಡವಾದರೆ ಬಾಡಿಗೆ ಹೇಗೆ ಎಂಬುದನ್ನೂ ಮೊದಲೇ ಕೇಳಿ. ನಿಗದಿತ ದಿನಕ್ಕೆ ವಿಮಾನ ಮರಳಿಸಲೇಬೇಕೆಂಬ ಒತ್ತಡದಲ್ಲಿ ಮೋಡದೊಳಗೆ ನುಗ್ಗಿದವರ ಕಥೆಗಳು ವಿಮಾನಯಾನದಲ್ಲಿ ಬೇಕಾದಷ್ಟಿವೆ.

ನೋಟಿಸ್ ಎಂಬ ಪುಸ್ತಿಕೆ

ಮೇಳಕ್ಕೆ ಕೆಲವು ವಾರ ಮೊದಲು ಎಫ್‌ಎಎ ಆ ವರ್ಷದ ಏರ್‌ವೆಂಚರ್ ನೋಟಿಸ್ ಪ್ರಕಟಿಸುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಹತ್ತಾರು ಪುಟಗಳ ಪುಸ್ತಿಕೆ ಇದು. ಎಲ್ಲಿಂದ ಬರಬೇಕು, ಎಷ್ಟು ಎತ್ತರ, ಯಾವ ವೇಗ, ಯಾವ ರೇಡಿಯೋ ಆವರ್ತನ, ನಿಲ್ದಾಣ ಯಾವ ಹೊತ್ತಿನಲ್ಲಿ ಮುಚ್ಚಿರುತ್ತದೆ, ಎಲ್ಲವೂ ಅದರಲ್ಲಿದೆ. ಅದನ್ನು ಮುದ್ರಿಸಿಕೊಳ್ಳಿ. ಮೊಬೈಲ್ ಪರದೆಯ ಮೇಲೆ ಬೆರಳಾಡಿಸಿ ಓದಿದ್ದು ವಿಮಾನದಲ್ಲಿ ನೆನಪಿಗೆ ಬರುವುದಿಲ್ಲ. ಹಿಂದಿನ ವರ್ಷದ ಪ್ರತಿಯನ್ನು ಸ್ನೇಹಿತರಿಂದ ಪಡೆದು ಅಭ್ಯಾಸ ಮಾಡುವುದು ಬೇಡ. ವಿವರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಈ ಲೇಖನದ ಅಂಕಿಗಳನ್ನೂ ಆ ವರ್ಷದ ನೋಟಿಸಿನೊಂದಿಗೆ ಹೋಲಿಸಿ ನೋಡಿಯೇ ಬಳಸಿ.

ಕಣ್ಣಿನ ಆಧಾರದ ಮೇಲೆ ಹಾರುವ ಸಣ್ಣ ವಿಮಾನಗಳ ಹೆದ್ದಾರಿಯ ಹೆಸರು ಫಿಸ್ಕ್ ಮಾರ್ಗ. ಓಶ್‌ಕೋಶ್‌ನ ನೈಋತ್ಯಕ್ಕೆ ರಿಪನ್ ಎಂಬ ಪಟ್ಟಣವಿದೆ. ಅಲ್ಲಿಂದ ವಿಮಾನಗಳು ಒಂದರ ಹಿಂದೆ ಒಂದು, ಅರ್ಧ ಮೈಲಿ ಅಂತರದಲ್ಲಿ, ರೈಲು ಹಳಿಯ ಮೇಲೆಯೇ ಹಾರುತ್ತಾ ಫಿಸ್ಕ್ ಎಂಬ ಪುಟ್ಟ ಹಳ್ಳಿಗೆ ಬರುತ್ತವೆ. ಎತ್ತರ ಸಮುದ್ರಮಟ್ಟದಿಂದ 1,800 ಅಡಿ, ವೇಗ 90 ನಾಟ್, ಅಂದರೆ ಗಂಟೆಗೆ ಸುಮಾರು 167 ಕಿಲೋಮೀಟರ್. ಅಷ್ಟು ನಿಧಾನವಾಗಿ ಹಾರಲು ಆಗದ ವಿಮಾನಗಳಿಗೆ 2,300 ಅಡಿ, 135 ನಾಟ್. ರಿಪನ್‌ನಿಂದ ಓಶ್‌ಕೋಶ್‌ಗೆ ಇರುವ ದೂರ ಹೆಚ್ಚುಕಡಿಮೆ ಬಳ್ಳಾರಿಯಿಂದ ತೋರಣಗಲ್ಲಿಗೆ ಇರುವಷ್ಟೇ. ಹತ್ತು ನಿಮಿಷದ ಹಾರಾಟ. ನಿಮ್ಮ ಗಮನಕ್ಕೆ ನಿಜವಾದ ಪರೀಕ್ಷೆ ಆ ಹತ್ತು ನಿಮಿಷ.

ಎತ್ತರದ ಲೆಕ್ಕದ ಬಗ್ಗೆ ಒಂದು ಮಾತು. ಓಶ್‌ಕೋಶ್ ನಿಲ್ದಾಣ ಸಮುದ್ರಮಟ್ಟದಿಂದ 808 ಅಡಿ ಎತ್ತರದಲ್ಲಿದೆ. ಆದ್ದರಿಂದ 1,800 ಅಡಿ ಎಂದರೆ ನೆಲದಿಂದ ಬರೀ ಸಾವಿರ ಅಡಿ. ಅದೇ 1,800 ಅಡಿಯಲ್ಲಿ ನಮ್ಮ ಬಳ್ಳಾರಿಗೆ ಬಂದರೆ ನೀವು ಕೋಟೆ ಗುಡ್ಡದ ತುದಿಗಿಂತ ಕೆಳಗಿರುತ್ತೀರಿ. ಎತ್ತರ ತೋರಿಸುವ ಆಲ್ಟಿಮೀಟರಿನ ಒತ್ತಡವನ್ನು ರಿಪನ್ ಮುಟ್ಟುವ ಮೊದಲೇ ಓಶ್‌ಕೋಶ್‌ನ ಧ್ವನಿಮುದ್ರಿತ ಹವಾಮಾನ ಮಾಹಿತಿ ಕೇಳಿ ಸರಿಪಡಿಸಿಕೊಳ್ಳುವುದು ಯಾಕೆ ಮುಖ್ಯ ಎಂಬುದು ಇದರಿಂದಲೇ ತಿಳಿಯುತ್ತದೆ. ನಿಮ್ಮ ಮೇಲೆ, ಐನೂರು ಅಡಿಯಷ್ಟೇ ಅಂತರದಲ್ಲಿ, ವೇಗದ ವಿಮಾನಗಳ ಇನ್ನೊಂದು ಸಾಲು ಹೋಗುತ್ತಿರುತ್ತದೆ.

ತಾರಸಿಯ ಮೇಲಿನ ಅಭ್ಯಾಸ

ಇಲ್ಲಿಂದ ಅಲ್ಲಿಗೆ ಹೋಗುವ ಹುಡುಗ ಹುಡುಗಿಯರಿಗೆ ನಾನು ಮೊದಲು ಮಾಡಿಸುವುದು ಸೀಮೆಸುಣ್ಣದ ಕೆಲಸ. ಸಂಜೆ ಬಿಸಿಲು ಇಳಿದ ಮೇಲೆ ಮನೆಯ ತಾರಸಿಯ ಮೇಲೆ ರಿಪನ್, ಫಿಸ್ಕ್, ರಶ್ ಕೆರೆ, ಗ್ರೀನ್ ಕೆರೆ, ನಿಲ್ದಾಣದ ರನ್‌ವೇಗಳು, ಪೂರ್ವಕ್ಕೆ ವಿನ್ನಬೇಗೊ ಎಂಬ ದೊಡ್ಡ ಸರೋವರ, ಎಲ್ಲವನ್ನೂ ನೋಟಿಸ್ ನೋಡಿ ಬರೆಯಬೇಕು. ನಂತರ ಒಬ್ಬರು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್, ಇನ್ನೊಬ್ಬರು ಪೈಲಟ್. ಫಿಸ್ಕ್‌ನ ಕಂಟ್ರೋಲರ್‌ಗಳು ನೆಲದ ಮೇಲೆ ನಿಂತು ದುರ್ಬೀನಿನಲ್ಲಿ ನೋಡುತ್ತಾ ವಿಮಾನವನ್ನು ಬಣ್ಣ ಮತ್ತು ಆಕಾರದಿಂದ ಕರೆಯುತ್ತಾರೆ: ಬಿಳಿ ಬಣ್ಣದ, ಮೇಲ್ರೆಕ್ಕೆಯ ವಿಮಾನ, ರೆಕ್ಕೆ ಅಲ್ಲಾಡಿಸಿ. ಪೈಲಟ್ ಬಾಯಿ ತೆರೆಯುವಂತಿಲ್ಲ. ರೆಕ್ಕೆ ಅಲ್ಲಾಡಿಸುವುದೇ ಉತ್ತರ. ಒಂದೇ ಆವರ್ತನದಲ್ಲಿ ಹತ್ತಾರು ವಿಮಾನಗಳು ಇರುವಾಗ ಎಲ್ಲರೂ ಉತ್ತರಿಸಲು ಹೊರಟರೆ ಕಂಟ್ರೋಲರ್‌ಗೆ ಮಾತಾಡಲು ಜಾಗವೇ ಇರುವುದಿಲ್ಲ.

ರಾಯಚೂರಿನ ಅಕ್ಕ ತಮ್ಮ ಇಬ್ಬರು ಹೀಗೆ ಅಭ್ಯಾಸ ಮಾಡುತ್ತಿದ್ದರು. ತಮ್ಮ ಎರಡೂ ಕೈ ಚಾಚಿಕೊಂಡು ಸೀಮೆಸುಣ್ಣದ ಹಳಿಯ ಮೇಲೆ ನಡೆಯುತ್ತಿದ್ದ. ಅಕ್ಕ ನೀರಿನ ಟ್ಯಾಂಕಿನ ಪಕ್ಕ ನಿಂತು ಕರೆದಾಗಲೆಲ್ಲ ಅವನ ಬಾಯಿಂದ ತಂತಾನೆ ‘ರೋಜರ್’ ಎಂದು ಬರುತ್ತಿತ್ತು.

“ಮಾತಾಡಬೇಡ, ಕೈ ಬಾಗಿಸು,” ಎಂದಳು ಅಕ್ಕ.

“ಅಕ್ಕ, ತರಬೇತಿಯಲ್ಲಿ ಪ್ರತಿಯೊಂದಕ್ಕೂ ಉತ್ತರ ಕೊಡು ಎಂದೇ ಕಲಿಸಿದ್ದಾರೆ.”

“ಅಲ್ಲಿ ಹಾಗೆ. ಇಲ್ಲಿ ಹೀಗೆ. ಮತ್ತೆ ರಿಪನ್‌ನಿಂದ ಬಾ.”

ಕತ್ತಲಾಗುವವರೆಗೆ ನಡೆದ ಮೇಲೆ ಅವನ ಕೈಗಳು ಬಾಯಿಗಿಂತ ಮೊದಲು ಏಳತೊಡಗಿದವು. ಕಷ್ಟಪಟ್ಟು ಕಲಿತ ಅಭ್ಯಾಸವೊಂದನ್ನು ವಾರದ ಮಟ್ಟಿಗೆ ಬದಿಗಿಡುವುದಕ್ಕೂ ಅಭ್ಯಾಸ ಬೇಕು. ಜೊತೆಗೆ ಬರುವವರು ಪೈಲಟ್ ಆಗಿರದಿದ್ದರೂ ಅವರನ್ನು ಈ ಆಟಕ್ಕೆ ಸೇರಿಸಿಕೊಳ್ಳಿ. ಅಂದು ವಿಮಾನದಲ್ಲಿ ಪಕ್ಕದ ಸೀಟಿನವರ ಕೆಲಸ ಎರಡೇ: ಬೇರೆ ವಿಮಾನಗಳನ್ನು ಹುಡುಕುವುದು, ನೋಟಿಸಿನ ಸರಿಯಾದ ಪುಟ ತೆರೆದು ಹಿಡಿಯುವುದು.

ನಿಧಾನವಾಗಿ ಹಾರುವುದನ್ನು ಕಲಿಯಿರಿ

ಅಮೆರಿಕ ತಲುಪಿದ ಮೇಲೆ, ಮೇಳಕ್ಕೆ ಕನಿಷ್ಠ ಎರಡು ವಾರ ಮೊದಲು, ನೀವು ಒಯ್ಯಲಿರುವ ಅದೇ ವಿಮಾನದಲ್ಲಿ ಬೋಧಕರ ಜೊತೆ ಅಭ್ಯಾಸ ಮಾಡಿ. ತುಂಬಿದ ತೂಕದಲ್ಲಿ 90 ನಾಟ್ ವೇಗ, ಎತ್ತರ ಐವತ್ತು ಅಡಿಗಿಂತ ಹೆಚ್ಚು ಏರುಪೇರಾಗಬಾರದು, ಹಾಗೆಯೇ ಹತ್ತು ನಿಮಿಷ. ಯಾವ ಥ್ರಾಟಲ್, ಎಷ್ಟು ಫ್ಲಾಪ್ ಎಂದು ಬರೆದಿಟ್ಟುಕೊಳ್ಳಿ. ಅರ್ಧ ಮೈಲಿ ಅಂತರವನ್ನು ಈ ವೇಗದಲ್ಲಿ ದಾಟಲು ಇಪ್ಪತ್ತು ಸೆಕೆಂಡು ಬೇಕು. ಮುಂದಿನ ವಿಮಾನ ಒಂದು ಗುರುತನ್ನು ದಾಟಿದ್ದನ್ನು ನೋಡಿ, ಮನಸ್ಸಿನಲ್ಲಿ ಇಪ್ಪತ್ತು ಎಣಿಸುವಷ್ಟರಲ್ಲಿ ನೀವು ಅದೇ ಗುರುತಿನ ಮೇಲಿದ್ದರೆ ಅಂತರ ಸರಿಯಿದೆ.

ಇದಕ್ಕಿಂತ ಹೆಚ್ಚು ಅಭ್ಯಾಸ ಬೇಡುವುದು ಗುರಿಯ ಮೇಲೆ ಇಳಿಯುವುದು. ಓಶ್‌ಕೋಶ್‌ನಲ್ಲಿ ರನ್‌ವೇ ಮೇಲೆ ಬಣ್ಣಬಣ್ಣದ ದೊಡ್ಡ ಚುಕ್ಕೆಗಳನ್ನು ಬರೆದಿರುತ್ತಾರೆ. ಒಂದೇ ರನ್‌ವೇ ಮೇಲೆ ಒಂದಕ್ಕಿಂತ ಹೆಚ್ಚು ವಿಮಾನಗಳನ್ನು ಒಟ್ಟಿಗೆ ಇಳಿಸಲು ನಿಲ್ದಾಣದ ಕಂಟ್ರೋಲ್ ಟವರ್ ನಿಮಗೆ ಹಸಿರು ಚುಕ್ಕೆ ಎಂದರೆ ನಿಮ್ಮ ಹಿಂದಿನವರಿಗೆ ಕಿತ್ತಳೆ ಎನ್ನಬಹುದು. ಹತ್ತಿರದ ಚುಕ್ಕೆ ಎಂದಿದ್ದು ಕೊನೇ ಗಳಿಗೆಯಲ್ಲಿ ದೂರದ ಚುಕ್ಕೆಯಾಗಲೂಬಹುದು. ಆಗ ಮೂತಿ ಎತ್ತಿ ತೇಲಿಸಿಕೊಂಡು ಹೋಗುವ ಆಸೆ ಬರುತ್ತದೆ. ವೇಗ ಕುಸಿದು ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು ಅಲ್ಲಿಯೇ. ಪವರ್ ಸೇರಿಸಿ, ವೇಗ ಕಾಯ್ದುಕೊಂಡು ಮುಂದಿನ ಚುಕ್ಕೆಗೆ ಹೋಗುವುದನ್ನು ಖಾಲಿ ರನ್‌ವೇ ಮೇಲೆ ಬೋಧಕರೊಂದಿಗೆ ಮತ್ತೆ ಮತ್ತೆ ಮಾಡಿ ನೋಡಿ. ಕೊನೆಯ ತಿರುವಿನಲ್ಲಿ ರನ್‌ವೇ ದಾಟಿ ಹೋದಿರೆಂದುಕೊಳ್ಳಿ, ಕಡಿಮೆ ವೇಗದಲ್ಲಿ ಇನ್ನಷ್ಟು ವಾಲಿಸಿ ಸೇರಿಸಲು ಹೋಗಬೇಡಿ. ‘ಗೋ ಅರೌಂಡ್’ ಎಂದು ಹೇಳಿ ಮೇಲೇರಿ. ಆ ಟವರ್‌ನಲ್ಲಿರುವವರು ದೇಶದ ನಾನಾ ಕಡೆಯಿಂದ ಆಯ್ಕೆಯಾಗಿ ಬಂದ ಕಂಟ್ರೋಲರ್‌ಗಳು, ಗುಲಾಬಿ ಅಂಗಿಯವರು. ಮೇಲೇರಿದ ವಿಮಾನಕ್ಕೆ ಅವರು ಜಾಗ ಮಾಡಿಕೊಡುತ್ತಾರೆ.

ತೂಕ, ಗೂಟ, ರೊಟ್ಟಿ

ಸೆಸ್ನಾ 172 ಎಸ್ ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಗರಿಷ್ಠ ತೂಕ 2,550 ಪೌಂಡ್. ಖಾಲಿ ವಿಮಾನದ ತೂಕ ಕಳೆದರೆ ಜನ, ಇಂಧನ, ಸಾಮಾನಿಗೆಲ್ಲ ಉಳಿಯುವುದು ಸುಮಾರು 850 ಪೌಂಡ್. ಟ್ಯಾಂಕ್ ತುಂಬಿದರೆ ಇಂಧನದ್ದೇ 318 ಪೌಂಡ್. ತಲಾ 75 ಕಿಲೋದ ಇಬ್ಬರು ಕುಳಿತರೆ 330. ಉಳಿದದ್ದು 200 ಪೌಂಡ್, ಅದರಲ್ಲೂ ಹಿಂದಿನ ಸಾಮಾನು ಜಾಗಕ್ಕೆ 120ರ ಮಿತಿ. ಮೂವರಾದರೆ ಡೇರೆ, ಹಾಸಿಗೆ, ನೀರು ಎಲ್ಲ ಸೇರಿ ಲೆಕ್ಕ ಮೀರುತ್ತದೆ. ಇಬ್ಬರೇ ಹೋಗುವುದು ಉತ್ತಮ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಸಾಮಾನು ತೂಗುವುದು ಕಿಲೋದಲ್ಲಿ, ವಿಮಾನದ ಕೈಪಿಡಿ ಇರುವುದು ಪೌಂಡಿನಲ್ಲಿ. ಕಿಲೋವನ್ನು 2.2ರಿಂದ ಗುಣಿಸಿ ಪ್ರತಿ ವಸ್ತುವಿನ ಎದುರು ಬರೆಯಿರಿ.

ವಿಮಾನ ಕಟ್ಟುವ ಗೂಟ, ಹಗ್ಗಗಳನ್ನು ನೀವೇ ಒಯ್ಯಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ. ವಿಸ್ಕಾನ್ಸಿನ್‌ನ ಜುಲೈ ಗುಡುಗುಮಳೆಯ ಕಾಲ. ಮಧ್ಯಾಹ್ನ ಶುಭ್ರವಾಗಿದ್ದ ಆಕಾಶ ಸಂಜೆಗೆ ಕಪ್ಪಾಗಿ ಬಿರುಗಾಳಿ ಎದ್ದೀತು. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಇಂಥದ್ದೇ ಇನ್ನೊಂದು ದೊಡ್ಡ ಮೇಳದ ಮೇಲೆ ಸುಂಟರಗಾಳಿ ಎರಗಿ, ಸಾಲಾಗಿ ನಿಂತಿದ್ದ ವಿಮಾನಗಳು ಕಿತ್ತು ಮಗುಚಿ ಬಿದ್ದವು. ಡೇರೆಗೆ ಹೊಡೆಯುವ ನೇರ ಗೂಟ ವಿಮಾನಕ್ಕೆ ಸಾಲದು. ಮಳೆಯಲ್ಲಿ ನೆನೆದ ಮಣ್ಣಿನಿಂದ ಅದು ಸಲೀಸಾಗಿ ಎದ್ದು ಬರುತ್ತದೆ. ಎರಡು ಮೂರು ಸರಳುಗಳು ಓರೆಯಾಗಿ, ಬೇರೆ ಬೇರೆ ದಿಕ್ಕಿಗೆ ನೆಲದೊಳಗೆ ಇಳಿಯುವಂಥ ಗೂಟ ಬೇಕು, ಎರಡು ರೆಕ್ಕೆಗೆ ಎರಡು, ಬಾಲಕ್ಕೆ ಒಂದು. ಸೆಣಬಿನ ಹಗ್ಗ ಬೇಡ, ಹುರಿ ಗಟ್ಟಿಯಿರುವ ನೈಲಾನ್ ಒಯ್ಯಿರಿ. ಸುತ್ತಿಗೆ ಮರೆಯಬೇಡಿ. ವಿಮಾನದ ಕಂಟ್ರೋಲ್‌ಗಳಿಗೆ ಲಾಕ್ ಹಾಕದೆ ಡೇರೆಗೆ ಹೋಗಬೇಡಿ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗೆ ತೂಕವೂ ಕಡಿಮೆ, ಒಲೆಯೂ ಬೇಡ, ವಾರವಿಟ್ಟರೂ ಕೆಡುವುದಿಲ್ಲ. ಅಮೆರಿಕದಲ್ಲಿ ಇಳಿದಾಗ ಆಹಾರ ಪದಾರ್ಥ ಇದೆ ಎಂದು ಕಸ್ಟಮ್ಸ್‌ನವರಿಗೆ ತಪ್ಪದೇ ತಿಳಿಸಿ. ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಯಾವ ದಿನ, ಯಾವ ಹೊತ್ತು

ಮೇಳ ಸೋಮವಾರ ಶುರು. ಎಲ್ಲರೂ ಅದರ ಹಿಂದಿನ ಶನಿವಾರ ಮತ್ತು ಭಾನುವಾರವೇ ನುಗ್ಗುತ್ತಾರೆ. ಬೊನಾಂಜಾ, ಮೂನಿ, ಸೆಸ್ನಾ ವಿಮಾನಗಳ ಮಾಲೀಕರ ಗುಂಪುಗಳು ಒಟ್ಟಾಗಿ ಬರುವುದೂ ಆಗಲೇ. ಆ ಗುಂಪುಗಳು ಇಳಿಯುವಾಗ ಉಳಿದವರು ಕೆರೆಗಳ ಮೇಲೆ ಸುತ್ತುತ್ತಾ ಕಾಯಬೇಕು. 2018ರಲ್ಲಿ ಆ ವಾರಾಂತ್ಯ ಮೋಡ ಕವಿದು ವಿಮಾನಗಳು ಊರೂರಲ್ಲಿ ಸಿಕ್ಕಿಹಾಕಿಕೊಂಡವು. ಆಕಾಶ ತಿಳಿಯಾದ ಕೂಡಲೇ ಎಲ್ಲರೂ ಒಮ್ಮೆಗೇ ರಿಪನ್‌ಗೆ ಬಂದು ತುಂಬಾ ಗೊಂದಲವಾಯಿತು. ನಂತರದ ವರ್ಷಗಳಲ್ಲಿ, ದಟ್ಟಣೆ ಹೆಚ್ಚಿದಾಗ ಸಾಲಿಗೆ ಸೇರುವ ಜಾಗವನ್ನು ರಿಪನ್‌ಗಿಂತ ಹಿಂದಕ್ಕೆ ಒಯ್ಯುವ ಏರ್ಪಾಡು ಬಂತು.

ಮೊದಲ ಬಾರಿ ಹೋಗುವವರು ಆ ಎರಡು ದಿನ ಬಿಟ್ಟು, ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಬರುವುದು ವಾಸಿ. ಶಿಬಿರದ ಜಾಗ ತುಂಬಿದೆಯೇ ಎಂಬುದನ್ನು ಹೊರಡುವ ಮೊದಲು ನೋಡಿಕೊಳ್ಳಿ. ಹಿಂದಿನ ರಾತ್ರಿ ಒಂದು ಗಂಟೆ ಹಾರಾಟದಷ್ಟು ದೂರದ ಊರಿನಲ್ಲಿ ತಂಗಿ, ಚೆನ್ನಾಗಿ ನಿದ್ದೆ ಮಾಡಿ, ಟ್ಯಾಂಕ್ ತುಂಬಿಸಿಕೊಂಡು ನಸುಕಿನಲ್ಲಿ ಹೊರಡಿ. ರಿಪನ್ ಮೇಲೆ ಬಂದಾಗ ಕನಿಷ್ಠ ಒಂದೂವರೆ ಗಂಟೆಯ ಇಂಧನ ಇರಬೇಕು. ಕಾನೂನು ಕೇಳುವುದು ಇದಕ್ಕಿಂತ ಕಡಿಮೆ, ಆದರೆ ಅರ್ಧ ಗಂಟೆ ಸುತ್ತಿದ ಮೇಲೂ ಬೇರೆ ನಿಲ್ದಾಣಕ್ಕೆ ಹೋಗುವ ಶಕ್ತಿ ನಿಮ್ಮಲ್ಲಿ ಉಳಿದಿರಬೇಕು. ಫಾಂಡ್ ಡು ಲಾಕ್, ಆ್ಯಪಲ್ಟನ್ ನಿಲ್ದಾಣಗಳು ಹತ್ತಿರದಲ್ಲೇ ಇವೆ, ಅವುಗಳ ನಕ್ಷೆಯೂ ಕೈಯಲ್ಲಿರಲಿ. ಮಧ್ಯಾಹ್ನದ ಪ್ರದರ್ಶನದ ವೇಳೆ ಮತ್ತು ರಾತ್ರಿ ಓಶ್‌ಕೋಶ್ ನಿಲ್ದಾಣ ಮುಚ್ಚಿರುತ್ತದೆ ಎಂಬುದನ್ನು ಮರೆಯಬೇಡಿ. ಪೂರ್ವದಿಂದ ಬರುವವರು ಮಿಶಿಗನ್ ಸರೋವರದ ಮೇಲೆ ನೇರ ಗೆರೆ ಎಳೆಯದೆ ದಡ ಹಿಡಿದು ಸುತ್ತಿ ಬನ್ನಿ. ಒಂದೇ ಎಂಜಿನ್ನಿನ ವಿಮಾನಕ್ಕೆ ಆ ನೀರು ಬಹಳ ಅಗಲ.

ಸಾಲಿನಲ್ಲಿ

ರಿಪನ್‌ಗೆ ಬರುವ ಮೊದಲೇ ದೀಪಗಳು ಉರಿಯುತ್ತಿರಲಿ, ವೇಗ 90ಕ್ಕೆ ಇಳಿದಿರಲಿ, ಫಿಸ್ಕ್‌ನ ಆವರ್ತನ ಕಿವಿಯಲ್ಲಿರಲಿ. ಮುಂದಿನ ವಿಮಾನವೊಂದನ್ನು ಗುರುತಿಸಿ, ಅದರ ಹಿಂದೆ ಸೇರಿಕೊಳ್ಳಿ. ಮುಂದಿನವರು ತೀರ ನಿಧಾನವಾದರೆ ಹಾವಿನಂತೆ ಅಂಕುಡೊಂಕಾಗಿ ಹಾರಿ ಅಂತರ ಉಳಿಸಿಕೊಳ್ಳಲು ಹೋಗಬೇಡಿ, ಹಿಂದಿರುವವರಿಗೆ ನೀವು ಯಾವ ಕಡೆ ತಿರುಗುತ್ತೀರೆಂದು ತಿಳಿಯುವುದಿಲ್ಲ. ಸಾಲು ಬಿಟ್ಟು ಪಕ್ಕಕ್ಕೆ ಸರಿದು, ರಿಪನ್‌ಗೆ ಮರಳಿ ಮತ್ತೆ ಸೇರಿಕೊಳ್ಳಿ. ಹೀಗೆ ಮಾಡಿದ್ದಕ್ಕೆ ಯಾರೂ ಏನೂ ಅನ್ನುವುದಿಲ್ಲ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೂ ಇದೇ: ಸಾವಿರಾರು ಮೈಲಿ ದೂರದಿಂದ, ಸಾಲಸೋಲ ಮಾಡಿ ಬಂದ ನಮ್ಮ ಮಕ್ಕಳಿಗೆ ಸಾಲು ಬಿಡುವುದೆಂದರೆ ಸೋತಂತೆ ಅನ್ನಿಸುತ್ತದೆ. ಸಾಲು ಬಿಟ್ಟು ಸುರಕ್ಷಿತವಾಗಿ ಮರಳಿ ಬಂದವರು ಆ ದಿನ ಸರಿಯಾಗಿ ಹಾರಿದ ಪೈಲಟ್.

ಫಿಸ್ಕ್‌ನಲ್ಲಿ ಕಂಟ್ರೋಲರ್ ನಿಮ್ಮನ್ನು ಕರೆದು, ಹಳಿಯನ್ನೇ ಹಿಡಿದು ಮುಂದುವರಿಯಬೇಕೋ ಫಿಸ್ಕ್ ಅವೆನ್ಯೂ ಎಂಬ ರಸ್ತೆಯ ಮೇಲೆ ಪೂರ್ವಕ್ಕೆ ತಿರುಗಬೇಕೋ ಹೇಳುತ್ತಾರೆ. ಅದು ಅಂದಿನ ರನ್‌ವೇ ಯಾವುದೆಂಬುದನ್ನು ಅವಲಂಬಿಸಿದೆ. ಅಲ್ಲಿಂದ ಟವರ್‌ನ ಆವರ್ತನಕ್ಕೆ ಬದಲಿಸಿ, ಕೇಳುತ್ತಾ ಹೋಗಿ. ಚುಕ್ಕೆಯ ಮೇಲೆ ಇಳಿದ ಕೂಡಲೇ ಅವರು ಹೇಳಿದ ಕಡೆಗೆ, ಬಹುಪಾಲು ಹುಲ್ಲಿನ ಮೇಲಕ್ಕೆ, ತಿರುಗಿ ರನ್‌ವೇ ಖಾಲಿ ಮಾಡಿ.

ಇಳಿದ ಮೇಲೆ

ಮುಂಗಾಜಿಗೆ ಹಿಡಿಯಲು ಒಂದು ಫಲಕವನ್ನು ಮನೆಯಲ್ಲೇ ಬರೆದಿಟ್ಟುಕೊಂಡಿರಿ. ವಿಮಾನದ ಪಕ್ಕದಲ್ಲೇ ಡೇರೆ ಹಾಕುವವರಿಗೆ ಇಂಗ್ಲಿಷಿನ ಜಿ, ಎ, ಸಿ ಎಂಬ ಮೂರು ಅಕ್ಷರ, ನಿಲ್ಲಿಸಿ ಬೇರೆಡೆ ತಂಗುವವರಿಗೆ ಜಿ, ಎ, ಪಿ. ದಪ್ಪ ಅಕ್ಷರ, ಗಾಢ ಬಣ್ಣ. ಕೈಸನ್ನೆ ಮಾಡುತ್ತಾ ನಿಂತ ಸ್ವಯಂಸೇವಕರು ಅದನ್ನು ಓದಿ ನಿಮ್ಮನ್ನು ಸಾಲಿನಿಂದ ಸಾಲಿಗೆ ಕಳಿಸುತ್ತಾರೆ. ಎಂಜಿನ್ ನಿಂತು ಪ್ರೊಪೆಲ್ಲರ್ ಸ್ತಬ್ಧವಾಗುವವರೆಗೆ ಜೊತೆಯವರು ಬಾಗಿಲು ತೆರೆಯಬಾರದು. ಮೊದಲ ಕೆಲಸ ವಿಮಾನ ಕಟ್ಟುವುದು, ಡೇರೆ ಆಮೇಲೆ, ಫೋಟೋ ಅದಕ್ಕೂ ಆಮೇಲೆ.

ನೋಡಲು ಏನೇನಿದೆ ಎಂಬುದಕ್ಕೆ ಬೇರೆಯೇ ಲೇಖನ ಬೇಕು. ಒಂದು ದಿನವನ್ನು ಮಾತ್ರ ಕಾರ್ಯಾಗಾರಗಳಿಗೆ ಮೀಸಲಿಡಿ ಎಂದು ಒತ್ತಾಯಿಸುತ್ತೇನೆ. ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆಯುವುದು, ರೆಕ್ಕೆಗೆ ಬಟ್ಟೆ ಹೊದಿಸುವುದು, ವೆಲ್ಡಿಂಗ್, ಎಲ್ಲವನ್ನೂ ನಿಮ್ಮ ಕೈಯಿಂದಲೇ ಮಾಡಿಸಿ ಕಲಿಸುತ್ತಾರೆ. ಲೇತು, ವೆಲ್ಡಿಂಗ್ ಅಂಗಡಿಗಳ ನಡುವೆ ಬೆಳೆದ ನಮ್ಮೂರ ಹುಡುಗರಿಗೆ ಅದಕ್ಕಿಂತ ದೊಡ್ಡ ಪ್ರದರ್ಶನ ಬೇರೆ ಇಲ್ಲ.

ಹಿಂದಿರುಗುವಾಗ

ಹೊರಡುವ ಹಿಂದಿನ ಸಂಜೆಯೇ ನೋಟಿಸಿನ ನಿರ್ಗಮನದ ಪುಟ ಓದಿ. ಬಂದ ದಾರಿಯಲ್ಲೇ ಹೋಗುವಂತಿಲ್ಲ, ಪ್ರತಿ ರನ್‌ವೇಗೂ ಹೊರಡುವ ದಿಕ್ಕು, ಎತ್ತರ ಬೇರೆ. ಗಾಜಿಗೆ ಈ ಬಾರಿ ವಿಎಫ್‌ಆರ್, ಅಂದರೆ ಕಣ್ಣಿನ ಆಧಾರದ ಹಾರಾಟ, ಎಂಬ ಫಲಕ. ಸುತ್ತ ಡೇರೆಗಳಿರುವುದರಿಂದ ಎಂಜಿನ್ ಹಚ್ಚುವ ಮೊದಲು ಸಾಲಿನ ಬಯಲಿಗೆ ವಿಮಾನವನ್ನು ಕೈಯಿಂದ ತಳ್ಳಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಳ್ಳಿ. ಇಂಧನ ಲಾರಿಗೆ ಬೆಳಿಗ್ಗೆ ಕಾಯಬೇಕಾಗುತ್ತದೆ, ಹಿಂದಿನ ದಿನವೇ ತುಂಬಿಸಿ. ಗೂಟ ಕಿತ್ತ ಗುಂಡಿಗಳನ್ನು ಮಣ್ಣಿನಿಂದ ಮುಚ್ಚಿ, ಮುಂದೆ ಅದೇ ಜಾಗಕ್ಕೆ ಬರುವ ವಿಮಾನದ ಮುಂಗಾಲಿ ಅದರಲ್ಲಿ ಸಿಕ್ಕಿಕೊಳ್ಳಬಾರದು. ಮೊದಲ ನಿಲುಗಡೆಯನ್ನು ಒಂದು ಗಂಟೆಯೊಳಗೆ ಇಟ್ಟುಕೊಳ್ಳಿ. ಅಲ್ಲಿ ಇಳಿದು ಹವಾಮಾನ ನೋಡಿ, ಫ್ಲೈಟ್ ಪ್ಲಾನ್ ಮುಚ್ಚಿ, ಊರಿಗೆ ಒಂದು ಫೋನ್ ಮಾಡಿ.